ಬೋಡಕೊಂಡದ ದೊಣೆ ಕಾಯುವ ಲಕ್ಷ್ಮೀನರಸಮ್ಮ

ಬೆಳಗಿನ ಐದೂಕಾಲು. ಬೋಡಕೊಂಡದ ಬುಡದಲ್ಲಿ, ತಂತಿಬೇಲಿಯ ಗೇಟಿನ ಮುಂದೆ ಹತ್ತು ಮಂದಿ ಸಾಲಾಗಿ ನಿಂತು ಹಳೆಯ ಗೋಣಿತಾಟಿನ ಮೇಲೆ ಬೂಟು ಒರೆಸುತ್ತಿದ್ದಾರೆ. ಸೂರ್ಯೋದಯ ನೋಡಲೆಂದು ಬೆಂಗಳೂರಿನಿಂದ ಕತ್ತಲಲ್ಲೇ ಕಾರು ಹತ್ತಿ ಬಂದವರು. ದೇವರ ಮನೆಗೆ ಹೋಗುವಾಗ ಕಾಲು ತೊಳೆಯುವುದು ಗೊತ್ತು, ಬೆಟ್ಟ ಹತ್ತುವ ಮೊದಲು ಕಾಲೊರೆಸುವುದು ಅವರಿಗೆ ಹೊಸದು. ಒಬ್ಬ ಯುವಕ ಕಾಟಾಚಾರಕ್ಕೆ ಎರಡು ಸಲ ಉಜ್ಜಿ ಮುಂದೆ ಹೆಜ್ಜೆ ಇಡುತ್ತಾನೆ. ಟಾರ್ಚ್ ಹಿಡಿದ ಲಕ್ಷ್ಮೀನರಸಮ್ಮ ಬಗ್ಗಿ ಅವನ ಬೂಟಿನ ತಳ ನೋಡುತ್ತಾರೆ.

"ಇನ್ನೊಂದ್ಸಲ ಒರ್ಸಪ್ಪ. ಕಾಂಗ್ರೆಸ್ ಗಿಡದ ಬೀಜ ಐತೆ. ಒಂದ್ಸಲ ಮೇಲಕ್ಕೆ ಹೋದ್ರೆ ಅದು ನಿನ್ ಜೊತೆ ವಾಪಸ್ ಇಳಿಯಲ್ಲ."

ಯುವಕ ನಗುತ್ತಲೇ ಮತ್ತೆ ಒರೆಸುತ್ತಾನೆ. ಅರವತ್ತೊಂದು ವರ್ಷದ ಲಕ್ಷ್ಮೀನರಸಮ್ಮ ಉಟ್ಟಿರುವುದು ಹತ್ತಿ ಸೀರೆ, ಅದರ ಮೇಲೆ 'ಸ್ವಯಂಸೇವಕಿ' ಎಂದು ಬರೆದ ಖಾಕಿ ಅಂಗಿ, ಕಾಲಿಗೆ ಕ್ಯಾನ್ವಾಸ್ ಬೂಟು. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಯ ಈ ಕುರುಚಲು ಕಾಡಿಗೆ ಶನಿವಾರ, ಭಾನುವಾರ ಬರುವವರಿಗೆ ಅವರೇ ದಾರಿ ತೋರುವವರು. ಸಂಬಳವಿಲ್ಲ. ಅರಣ್ಯ ಇಲಾಖೆ ಕೊಟ್ಟದ್ದು ಆ ಅಂಗಿ ಮತ್ತು ಒಂದು ಟೋಪಿ. ಟೋಪಿಯನ್ನು ಅವರು ಹಾಕಿಕೊಳ್ಳುವುದಿಲ್ಲ, ಸೆರಗೇ ಸಾಕು.

ಬೋಡಕೊಂಡ ಎಂದರೆ ತೆಲುಗಿನಲ್ಲಿ ಬೋಳುಬೆಟ್ಟ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ, ಇದು ಹತ್ತಿರ ಹೋದರೂ ನುಣ್ಣಗೇ. ಬಂಡೆಯೋ ಬಂಡೆ. ನೆರಳಿಗೆಂದು ಹುಡುಕಿದರೆ ಸಿಗುವುದು ಸೊಂಟದೆತ್ತರದ ಕಾರೆ, ಜಾಲಿ, ಬಂದರಿಕೆ. ಇಂಥಲ್ಲಿ ನೋಡುವುದಕ್ಕೆ ಏನಿದೆ ಎಂದು ಮೂಗು ಮುರಿಯುವವರನ್ನು ಲಕ್ಷ್ಮೀನರಸಮ್ಮ ಹತ್ತಿರ ಕರೆಯುತ್ತಾರೆ. ಬಂಡೆಗೆ ಅಂಟಿಕೊಂಡ ಕರಿ ಪಾಚಿಯ ಮೇಲೆ ಬಾಟಲಿಯ ಮುಚ್ಚಳದಷ್ಟು ನೀರು ಹಾಕಿ, ಸುಮ್ಮನೆ ಕೂರಿಸುತ್ತಾರೆ. ನೋಡನೋಡುತ್ತಿದ್ದಂತೆ ಪಾಚಿ ಹಸಿರಾಗುತ್ತದೆ. ಆಮೇಲೆ ಯಾರೂ ಮೂಗು ಮುರಿಯುವುದಿಲ್ಲ.

ಒಂದು ತಂಡದಲ್ಲಿ ಹತ್ತೇ ಮಂದಿ. ತಲೆಗೊಂದು ಲೀಟರ್ ನೀರು ಕಡ್ಡಾಯ. ಮೂರು ಕಿಲೋಮೀಟರ್ ದಾರಿ, ಎರಡೂವರೆ ಗಂಟೆ, ದಿನಕ್ಕೆ ಎರಡು ಸುತ್ತು. ಮೂರು ವರ್ಷದಲ್ಲಿ ಐದು ಸಾವಿರದ ಹತ್ತಿರ ಜನ ಅವರ ಬೆನ್ನ ಹಿಂದೆ ನಡೆದಿದ್ದಾರೆ. ಜೋರಾಗಿ ಮಾತನಾಡುವ ಹಾಗಿಲ್ಲ. ಘಮಘಮ ಸೆಂಟು ಹಾಕಿಕೊಂಡು ಬಂದವರು ಎಲ್ಲರಿಗಿಂತ ಹಿಂದೆ ಬರಬೇಕು. ಈ ಕಟ್ಟಳೆಗಳನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ. ಎಲ್ಲವೂ ಹುಳುಮನೆಯಿಂದ ಬಂದವು.

ಲಕ್ಷ್ಮೀನರಸಮ್ಮನ ತವರು ಶಿಡ್ಲಘಟ್ಟದ ಮೇಲೂರು. ರೇಷ್ಮೆಹುಳುವಿನ ನಡುವೆ ಹುಟ್ಟಿ, ಹುಳುವಿನ ಮನೆಗೇ ಸೊಸೆಯಾಗಿ ಬಂದವರು. ಮೂವತ್ತು ವರ್ಷ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿದರು. ಹುಳುಮನೆಗೆ ಹೋಗುವವರು ಕಾಲು ತೊಳೆದು, ಬಾಗಿಲಲ್ಲಿ ಹಾಸಿದ ಸುಣ್ಣ ತುಳಿದೇ ಒಳಗೆ ಹೋಗಬೇಕು. ಎಣ್ಣೆ, ಸೆಂಟು, ಬೀಡಿ ವಾಸನೆ ಹತ್ತಿರ ಸುಳಿಯಬಾರದು. ಒಂದು ಬೆಳೆ ಮುಗಿದ ಮೇಲೆ ಗೋಡೆ, ನೆಲ, ತಟ್ಟೆ ಎಲ್ಲಕ್ಕೂ ಬ್ಲೀಚಿಂಗ್ ಪೌಡರ್ ಹೊಡೆದು ತೊಳೆಯಬೇಕು. ಇಲ್ಲದಿದ್ದರೆ ಸುಣ್ಣಕಟ್ಟು ರೋಗ ಬಂದು ಇಡೀ ಮನೆಯ ಹುಳು ಒಂದೇ ವಾರದಲ್ಲಿ ಹೋಗುತ್ತದೆ. ಈ ಶಿಸ್ತು ಅವರ ರಕ್ತಕ್ಕೇ ಇಳಿದಿದೆ.

ಐದು ವರ್ಷದ ಕೆಳಗೆ ಉಬ್ಬಸ ಕಾಣಿಸಿಕೊಂಡಿತು. ಹುಳುಮನೆಯ ಧೂಳು, ಪೌಡರಿನ ಗಾಳಿ ಇನ್ನು ಕೂಡದೆಂದು ಡಾಕ್ಟರು ಖಡಾಖಂಡಿತ ಹೇಳಿದರು. ಹುಳುಮನೆಯನ್ನು ಗಂಡ ಚೆನ್ನರಾಯಪ್ಪ ನೋಡಿಕೊಳ್ಳತೊಡಗಿದರು. ಲಕ್ಷ್ಮೀನರಸಮ್ಮ ಜಗಲಿಯ ಮೇಲೆ ಕೂತು, ಕೈಗೆ ಕೆಲಸವಿಲ್ಲದೆ ಸೊರಗಿದರು. ಬೆಟ್ಟ ತೋರಿಸಲು ಸ್ವಯಂಸೇವಕರು ಬೇಕೆಂಬ ಸುದ್ದಿ ತಂದವರು ಅಲ್ಲಿನ ಅರಣ್ಯ ಕಾವಲುಗಾರ ಎರ್ರಪ್ಪ. ಬಂದ ಹದಿನಾಲ್ಕು ಮಂದಿಯಲ್ಲಿ ಹದಿಮೂರು ಜನ ಕಾಲೇಜಿನವರು, ಏಳನೇ ಕ್ಲಾಸು ಓದಿದವರು ಇವರೊಬ್ಬರೇ. ಹಕ್ಕಿಗಳ ಹೆಸರು ಕೇಳಿದಾಗ ಇಪ್ಪತ್ತಾರು ಹೇಳಿದರು, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ಹದಿಮೂರು ಜನ ಒಬ್ಬೊಬ್ಬರಾಗಿ ಕಳಚಿಕೊಂಡರು. ಉಳಿದದ್ದು ಇವರೇ.

ಕೆಲಸಕ್ಕೆ ಸೇರಿದ ಹೊಸದರಲ್ಲೇ ಆ ತಪ್ಪು ನಡೆಯಿತು. ಅದನ್ನು ಅವರು ಯಾರಿಂದಲೂ ಮುಚ್ಚಿಡುವುದಿಲ್ಲ.

ಬೆಟ್ಟದ ಮೇಲೆ ಎರಡು ದೊಣೆಗಳಿವೆ, ಮಳೆನೀರು ನಿಲ್ಲುವ ಬಂಡೆಯ ಗುಳಿಗಳು. ಒಂದು ಮೇಲೆ, ಬಂಡೆಯ ಅಂಚಿನಲ್ಲಿ. ಇನ್ನೊಂದು ಅದರ ಕೆಳಗೆ, ದಾರಿಯ ಪಕ್ಕದಲ್ಲಿ. ಆ ವರ್ಷ ಕೆಳಗಿನ ದೊಣೆಯ ನೀರು ಹಸಿರುಗಟ್ಟಿತ್ತು, ಒಳಗೆ ಏನೋ ಮಿಸುಕುತ್ತಿತ್ತು. ಹುಳು ಬಿದ್ದ ನೀರು ಎಂದುಕೊಂಡರು ಲಕ್ಷ್ಮೀನರಸಮ್ಮ. ಹಕ್ಕಿ, ನರಿ ಕುಡಿಯುವ ನೀರು, ಶುದ್ಧವಾಗಿರಬೇಡವೇ? ಮನೆಯಿಂದ ಬ್ಲೀಚಿಂಗ್ ಪೌಡರ್ ತಂದು, ಹುಳುಮನೆಗೆ ಹಾಕುವ ಅಳತೆಯಲ್ಲೇ ಧಾರಾಳವಾಗಿ ಹಾಕಿದರು. ಎರಡೇ ದಿನದಲ್ಲಿ ನೀರು ಗಾಜಿನಂತಾಯಿತು.

ಆ ಭಾನುವಾರ ಚಿಂತಾಮಣಿಯಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಹರಿಣಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದರು. ಆ ದೊಣೆ ತೋರಿಸುವುದಕ್ಕೇ ಬಂದವರು. ಲಕ್ಷ್ಮೀನರಸಮ್ಮ ಹೆಮ್ಮೆಯಿಂದ, ನಾನೇ ಕ್ಲೀನ್ ಮಾಡಿದ್ದು ಎಂದರು. ಹರಿಣಿ ಮೇಡಂ ದೊಣೆಯ ಪಕ್ಕ ಕೂತುಬಿಟ್ಟರು. ಮೆಲ್ಲಗೆ ಹೇಳಿದರು: ಸತ್ತದ್ದು ಕೊಳಕು ಹುಳುವಲ್ಲ, ಸಿಗಡಿಯ ಜಾತಿಯ ಸಣ್ಣ ಜೀವಿಗಳು. ಉಗುರಿನಷ್ಟುದ್ದ, ಅಂಗಾತ ಮಲಗಿ ಈಜುತ್ತವೆ. ನೀರು ಇಂಗುವ ಮೊದಲು ಮಣ್ಣಿನಲ್ಲಿ ಮೊಟ್ಟೆ ಇಟ್ಟು ಸಾಯುತ್ತವೆ, ಆ ಮೊಟ್ಟೆ ಬಿಸಿಲಿನಲ್ಲಿ ಬೆಂದರೂ ವರ್ಷಗಟ್ಟಲೆ ಕಾದು, ಮಳೆ ಬಂದಾಗ ಒಡೆಯುತ್ತವೆ. ಈ ಬೋಳು ಬೆಟ್ಟದ ದೊಡ್ಡ ಅಚ್ಚರಿ ಅವೇ ಆಗಿದ್ದವು.

"ಆವತ್ತು ಅಂಗಿ ಬಿಚ್ಚಿ ಎರ್ರಪ್ಪನ ಶೆಡ್ಡಲ್ಲಿ ಇಟ್ಟು ಮನೆಗೆ ಹೋದೆ," ಎನ್ನುತ್ತಾರೆ ಅವರು. "ಹದಿನೈದು ದಿನ ಬೆಟ್ಟದ ಕಡೆ ತಿರುಗಿ ನೋಡಲಿಲ್ಲ. ಸುಣ್ಣಕಟ್ಟು ಬಂದು ಹುಳ ಹೋದಾಗ ಹೊಟ್ಟೆ ಉರಿಯೋದು. ಇಲ್ಲಿ ರೋಗ ತಂದೋಳು ನಾನೇ ಅಲ್ವಾ."

ಅವರನ್ನು ಮತ್ತೆ ಕರೆತಂದವರೂ ಹರಿಣಿಯೇ. ಮನೆಗೇ ಬಂದು ಸಮಾಧಾನವಾಗಿ ವಿವರಿಸಿದರು. ಕೆಳಗಿನ ದೊಣೆಯ ಮೊಟ್ಟೆಗಳೂ ಸುಟ್ಟಿರಬಹುದು, ಆದರೆ ಮೇಲಿನದರಲ್ಲಿ ಜೀವವಿದೆ. ಎಂದಾದರೂ ಮೇಲಿನ ದೊಣೆ ತುಂಬಿ ಕೋಡಿ ಹರಿದರೆ ಮೊಟ್ಟೆ ನೀರಿನ ಜೊತೆ ಕೆಳಗಿಳಿಯುತ್ತವೆ. ಅಲ್ಲಿಯವರೆಗೆ ಮೇಲಿನದನ್ನು ಯಾರೂ ತುಳಿಯಬಾರದು. ಒಣಮಣ್ಣಿನಲ್ಲಿ ಮೊಟ್ಟೆ ಕಾಯುತ್ತದೆ ಎಂದರೆ ಬೇರೆಯವರು ನಂಬಲು ತಡವಾಗುತ್ತಿತ್ತೇನೋ. ಹಾಳೆಗೆ ಅಂಟಿದ ರೇಷ್ಮೆ ಮೊಟ್ಟೆಯನ್ನು ತಿಂಗಳುಗಟ್ಟಲೆ ತಂಪಿನಲ್ಲಿಟ್ಟು, ಬೇಕಾದಾಗ ಒಡೆಸುವುದನ್ನು ಕಂಡ ಹೆಂಗಸಿಗೆ ಅದು ಒಂದೇ ಮಾತಿಗೆ ಅರ್ಥವಾಯಿತು. ಮರುದಿನವೇ ಅಂಗಿ ಹಾಕಿಕೊಂಡರು.

ತೊಂದರೆಯೆಂದರೆ, ಸೂರ್ಯೋದಯದ ಫೋಟೊ ಚೆನ್ನಾಗಿ ಬರುವುದು ಆ ಮೇಲಿನ ದೊಣೆಯ ಒಳಗೆ ನಿಂತಾಗಲೇ. ಬೇಸಿಗೆ ಮುಗಿಯುವ ಹೊತ್ತಿಗೆ ಅದು ಒಣಗಿ ಬಿರಿದ ಮಣ್ಣಿನ ತಟ್ಟೆ, ನೋಡುವವರಿಗೆ ಬರೀ ಧೂಳು. ಲಕ್ಷ್ಮೀನರಸಮ್ಮ ಸುತ್ತ ಕಲ್ಲು ಜೋಡಿಸಿ, ಹಗ್ಗ ಕಟ್ಟಿದರು. ಜನ ಬೈದರು. ದುಡ್ಡು ಕೊಟ್ಟು ಬಂದಿದ್ದೇವೆ ಎಂದು ಒಂದು ತಂಡ ಹಗ್ಗ ದಾಟಿಯೇಬಿಟ್ಟಿತು. ಆವತ್ತು ಅವರು ಜಗಳವಾಡಲಿಲ್ಲ. ಹಗ್ಗದ ಹೊರಗೆ ಕೂತು, ನಾನು ಹೇಗೆ ಕೆಳಗಿನದನ್ನು ಕೊಂದೆ ಎಂದು ಮೊದಲಿನಿಂದ ಹೇಳಿದರು. ಕಥೆ ಮುಗಿಯುವಷ್ಟರಲ್ಲಿ ಎಲ್ಲರೂ ತುದಿಗಾಲಲ್ಲಿ ಹೊರಗೆ ಬಂದಿದ್ದರು. ಅಂದಿನಿಂದ ಪ್ರತಿ ತಂಡಕ್ಕೂ ಆ ಕಥೆ ಹೇಳುತ್ತಾರೆ. ನಿಮ್ಮ ಮಾನ ನೀವೇ ಯಾಕೆ ಕಳೆದುಕೊಳ್ಳುತ್ತೀರಿ, ಬಿಟ್ಟುಬಿಡಿ ಎಂದು ಎರ್ರಪ್ಪ ಹೇಳಿ ಸೋತಿದ್ದಾರೆ.

"ಹುಳದಿಂದ ಬಿಡಿಸ್ಕೊಂಡು ಬಂದ್ಳಲ್ಲ ಅಂದ್ಕೊಂಡೆ," ಎಂದು ಚೆನ್ನರಾಯಪ್ಪ ಹೆಂಡತಿಯನ್ನು ರೇಗಿಸುತ್ತಾರೆ. "ಬೆಟ್ಟಕ್ಕೆ ಹೋಗಿನೂ ಹುಳಾನೇ ಹಿಡ್ಕೊಂಡ್ಳು." ಹಾಗೆನ್ನುವವರೇ ವಾರಾಂತ್ಯದಲ್ಲಿ ನಾಲ್ಕು ಗಂಟೆಗೆ ಎದ್ದು ಬುತ್ತಿ ಕಟ್ಟಿಕೊಡುತ್ತಾರೆ.

ಎರಡು ಮಳೆಗಾಲ ಕೆಳಗಿನ ದೊಣೆಯಲ್ಲಿ ನೀರು ನಿಂತಿತು, ಜೀವ ಬರಲಿಲ್ಲ. ಮೇಲಿನದು ಅಂಚಿನ ಹತ್ತಿರದವರೆಗೆ ತುಂಬಿ, ಕೋಡಿಗೆ ಒಂದು ಗೇಣು ಬಾಕಿ ಇರುವಾಗಲೇ ಮಳೆ ಕೈಕೊಡುತ್ತಿತ್ತು. ಈ ವರ್ಷ, ಹನ್ನೆರಡು ದಿನದ ಹಿಂದೆ, ಮೂರು ದಿನ ಜಡಿಮಳೆ ಹಿಡಿಯಿತು. ಮೂರನೆಯ ದಿನ ಕೊಡೆ ಹಿಡಿದು ಬೆಟ್ಟ ಹತ್ತಿದ ಲಕ್ಷ್ಮೀನರಸಮ್ಮ, ಮೇಲಿನ ದೊಣೆಯಿಂದ ಕೆಳಗಿನದಕ್ಕೆ ಜಡೆಯಷ್ಟು ದಪ್ಪ ನೀರು ಇಳಿಯುವುದನ್ನು ಕಂಡರು. ಕಳೆದ ವಾರ ಬಂದು ನೋಡಿದರೆ ಏನೂ ಇರಲಿಲ್ಲ. ಕಣ್ಣಿಗೆ ಕಾಣಲು ವಾರ, ಹತ್ತು ದಿನ ಬೇಕೆಂದು ಹರಿಣಿ ಹೇಳಿದ್ದಾರೆ. ಈ ವಾರವೂ ಇಲ್ಲದಿದ್ದರೆ ಮತ್ತೊಂದು ಕೋಡಿಗೆ ಕಾಯಬೇಕು, ಅದು ಯಾವ ವರ್ಷವೋ.

ಮುಂದೆ ಏನಾಸೆ ಎಂದು ತಂಡದಲ್ಲೊಬ್ಬರು ಕೇಳುತ್ತಾರೆ. ಲಕ್ಷ್ಮೀನರಸಮ್ಮನಿಗೆ ದೊಡ್ಡ ಆಸೆಗಳಿಲ್ಲ. "ನನ್ ಮಂಡಿ ಹೋದ್ಮೇಲೆ ಬೇರೆ ಯಾರಾದ್ರೂ ಬರ್ತಾರೆ. ಆ ಗೋಣಿತಾಟು ಮಾತ್ರ ಎತ್ತಿ ಬಿಸಾಕ್ಬಾರ್ದು ಅಷ್ಟೆ."

ಮೇಲಿನ ಬಂಡೆಯ ಅಂಚಿನಲ್ಲಿ ಸೂರ್ಯ ಹುಟ್ಟುತ್ತಾನೆ. ಹತ್ತೂ ಮಂದಿ ಹಗ್ಗದ ಹೊರಗೇ ನಿಂತು ಫೋಟೊ ತೆಗೆಯುತ್ತಾರೆ. ಲಕ್ಷ್ಮೀನರಸಮ್ಮ ಸೂರ್ಯನ ಕಡೆ ನೋಡುವುದೇ ಇಲ್ಲ. ಕೆಳಗಿನ ದೊಣೆಗೆ ಬಿಸಿಲು ಮುಟ್ಟುವುದನ್ನು ಕಾಯುತ್ತಿದ್ದಾರೆ. ಏಳು ಗಂಟೆಗೆ ಮುಟ್ಟುತ್ತದೆ. ಎಲ್ಲರನ್ನೂ ಹಿಂದೆ ನಿಲ್ಲಿಸಿ, ಮಂಡಿ ಹಿಡಿದುಕೊಂಡು ಕೂರುತ್ತಾರೆ. ಕನ್ನಡಕ ಹಾಕಿ, ರೇಷ್ಮೆ ಮೊಟ್ಟೆ ಒಡೆದಿದೆಯೇ ಎಂದು ನೋಡುವಂತೆ, ಬೆಳಕಿಗೆ ಅಡ್ಡವಾಗಿ ತಲೆ ವಾಲಿಸಿ ನೋಡುತ್ತಾರೆ. ಬಹಳ ಹೊತ್ತು ಅಲುಗುವುದಿಲ್ಲ. ಆಮೇಲೆ ತಿರುಗದೆಯೇ, ಬೆನ್ನ ಹಿಂದೆ ಕೈ ಚಾಚಿ, ಬನ್ನಿ ಎಂದು ಕರೆಯುತ್ತಾರೆ.

ನೀರಿನಲ್ಲಿ ನೂಲಿನೆಳೆಯಂಥ ಜೀವಿಗಳು. ಒಂದಲ್ಲ, ಹತ್ತಲ್ಲ. ಅಂಗಾತ ಮಲಗಿ, ಕಾಲಾಡಿಸುತ್ತ, ಬಿಸಿಲು ಬಿದ್ದ ಕಡೆಗೆ ಈಜುತ್ತಿವೆ. ಬೂಟು ಒರೆಸಲು ಸೋಮಾರಿತನ ಮಾಡಿದ್ದ ಯುವಕ ಪಿಸುದನಿಯಲ್ಲಿ, ಇವನ್ನೆಲ್ಲ ನೀವೇ ಸಾಕಿದ್ದಾ ಅಮ್ಮ, ಎಂದು ಕೇಳುತ್ತಾನೆ.

ಲಕ್ಷ್ಮೀನರಸಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ. ಕಣ್ಣನ್ನೂ ಒರೆಸಿಕೊಳ್ಳುತ್ತಾರೆ.

"ಇಲ್ಲಪ್ಪ. ಮೂವತ್ತು ವರ್ಷ ನಾನು ಸಾಕಿದ್ದೆಲ್ಲ ಗೂಡಿಂದ ನೂಲು ಬಿಚ್ಚೋ ಬಿಸಿನೀರಿಗೇ ಹೋಯ್ತು. ಇವನ್ನ ನಾನು ಸಾಕಲಿಲ್ಲ, ಸಾಯಿಸ್ದೆ. ಆದ್ರೂ ಬಂದವೆ ನೋಡು."