ಅಟ್ಟದ ಅಡ್ಡ ಸರಳು

ವೆಲ್ಡಿಂಗ್ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ, ಆದರೆ ಕೆಲಸ ಬಂಡೆಯಂತೆ ಗಟ್ಟಿ. ಮಗಳ ಮನೆಯ ಅಟ್ಟಕ್ಕೆ ರೇಲಿಂಗ್ ಕೂರಿಸಿ, ಮೈಭಾರವೆಲ್ಲ ಹಾಕಿ ಜಗ್ಗಿ ನೋಡಿದ. ಅದು ಮಿಸುಕಲಿಲ್ಲ.

“ಆನೇನೇ ಕಟ್ಟಬಹುದು ಬಿಡಪ್ಪಾ!” ಎಂದು ಮಗಳು ನಕ್ಕಳು.

ನೋಡೋಕೆ ಚೆಂದ ಎಂದು ಅಳಿಯ ಹಟ ಹಿಡಿದಿದ್ದಕ್ಕೆ ಮೇಸ್ತ್ರಿ ಸರಳುಗಳನ್ನು ಅಡ್ಡಡ್ಡ ಹಾಕಿದ್ದ. ಬಣ್ಣ ಬಳಿದು ಬ್ರಷ್ ಒರೆಸುತ್ತಿದ್ದಾಗ ಪುಟ್ಟ ಮೊಮ್ಮಗಳು ಬಂದು ಕೆಳಗಿನ ಸರಳಿನ ಮೇಲೆ ಕಾಲಿಟ್ಟಳು.

“ನೋಡಿ ಮಾವ, ನಮ್ಮ ಕೋತಿಮರಿ!” ಎಂದ ಅಳಿಯ.

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವಳು ಒಂದೊಂದೇ ಸರಳು ಹತ್ತಿ ಮೇಲಿನ ಪೈಪಿನಾಚೆ ತಲೆ ಬಗ್ಗಿಸಿದ್ದಳು. ಮೇಸ್ತ್ರಿ ಧಾವಿಸಿ ಅವಳನ್ನು ಬಾಚಿಕೊಂಡ. ಮಗುವನ್ನು ಮಗಳಿಗೆ ಕೊಟ್ಟವನೇ ಕಟಿಂಗ್ ಮಷೀನ್ ಎತ್ತಿಕೊಂಡ.

“ಅಯ್ಯೋ ಮಾವ, ಬಣ್ಣನೇ ಆರಿಲ್ಲ, ಏನ್ಮಾಡ್ತಿದ್ದೀರಿ?”

“ನಾನು ಕಟ್ಟಿರೋದು ತಡೆ ಅಲ್ಲ ಕಣಯ್ಯಾ, ಏಣಿ! ಸರಳೆಲ್ಲ ಕಿತ್ತು ನೆಟ್ಟಗೆ ನಿಲ್ಲಿಸೋವರೆಗೂ ಮಗು ಮೇಲೆ ಬರಕೂಡದು.”

ಮಗಳು ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿಯುವಾಗ ಮೇಸ್ತ್ರಿಗೆ ಆ ಪುಟ್ಟ ಅಂಗಿ ಕಂಡಿತು. ಹೊಟ್ಟೆಯ ಮೇಲೆ ಅಡ್ಡಕ್ಕೆ, ಮೇಲಿನ ಪೈಪಿನ ಹಸಿ ಬಣ್ಣ ಬರೆ ಎಳೆದಂತೆ ಅಂಟಿತ್ತು.