ಆಲೆಮನೆ ಒಲೆಯಲ್ಲಿ ಒಣಗಿದ ಮೀಟರ್

ನನ್ನ ಚಲುವರಾಜು ಮಾವನನ್ನು ಬೂಕನಕೆರೆಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಕೆಂಪಣ್ಣಗೌಡರ ಗೂಡ್ಸ್ ಆಟೋ ಓಡಿಸುವವರು, ಅದನ್ನು ಸ್ವಂತ ಗಾಡಿಗಿಂತ ಚೆನ್ನಾಗಿ ನೋಡಿಕೊಳ್ಳುವವರು. ನಮ್ಮಮ್ಮನಿಗೆ, ಅಂದರೆ ತಮ್ಮ ಒಡಹುಟ್ಟಿದ ಅಕ್ಕನಿಗೆ, ಒಂದು ಮೂಟೆ ರಾಗಿ ತಂದುಕೊಡಬೇಕಾದರೂ ಮೊದಲು ಗೌಡರನ್ನು ಕೇಳುತ್ತಾರೆ! ಗೌಡರಿಗೂ ಅಷ್ಟೇ ನಂಬಿಕೆ. ಗಾಡಿ ನಿಲ್ಲುವುದು ಮಾವನ ಮನೆ ಮುಂದೆ, ಕೀ ಇರುವುದು ಮಾವನ ಜೇಬಿನಲ್ಲಿ. ಭಾನುವಾರ ಬಂದು ಮೀಟರಿನ ಕಿಲೋಮೀಟರನ್ನು ಫೋನಿನಲ್ಲಿ ಫೋಟೋ ಹೊಡೆದುಕೊಂಡು ಹೋಗುವುದಷ್ಟೇ ಗೌಡರ ಉಸ್ತುವಾರಿ.

ಆಯುಧಪೂಜೆಗೆ ಮಾವ ಪಂಪ್‌ಸೆಟ್ಟಿನ ಪೈಪು ಹಿಡಿದು ಗಾಡಿಯ ಒಳಗೂ ಹೊರಗೂ ನೀರು ಬಿಟ್ಟರು. ನಮ್ಮ ಕಡೆ ಎಲ್ಲರೂ ಮಾಡುವುದೇ ಹಾಗೆ. ಆ ವಾರದ ಭಾನುವಾರ ಗೌಡರು ಫೋಟೋ ಹೊಡೆದುಕೊಂಡು ಹೋದ ಮೇಲೆ ಮೀಟರಿನ ಗಾಜಿನೊಳಗೆ ಮಂಜು ಕಟ್ಟಿತು, ಸಂಜೆಗೆ ಪೂರ್ತಿ ಕತ್ತಲೆ. ಮಾವ ಅದನ್ನು ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ, ಬೆಲ್ಲ ಕಾಯಿಸುವ ಆಲೆಮನೆಯ ಒಲೆಗೋಡೆ ಮೇಲೆ ಒಣಗಲು ಇಟ್ಟುಬಿಟ್ಟರು. ಒಣಗಿತು ನಿಜ, ಆದರೆ ಅಂಕಿಗಳಿದ್ದ ಮುಖವೇ ಸುರುಟಿಕೊಂಡಿತ್ತು. ಗೌಡರಿಗೆ ಹೇಳಲು ಧೈರ್ಯ ಬಾರದೆ ವಾರವಿಡೀ ಮೀಟರಿಲ್ಲದ ಗಾಡಿಯಲ್ಲೇ ಮೈಸೂರು ಮಾರ್ಕೆಟ್ಟಿಗೆ ಟೊಮೇಟೊ ಸಾಗಿಸಿದರು.

ಶನಿವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. "ಅನು, ಬಾ ಮಗ, ಪಾಂಡವಪುರಕ್ಕೆ. ಅಂಗ್ಡಿಯೋನು ಇಂಗ್ಲೀಷಲ್ಲಿ ಏನಾರಾ ಅಂದ್ರೆ ನೀನಿರ್ತೀಯ."

ಮೀಟರ್ ರಿಪೇರಿ ಅಂಗಡಿಯ ಮತೀನ್ ಒಂದಕ್ಷರ ಇಂಗ್ಲಿಷ್ ಮಾತಾಡಲಿಲ್ಲ. "ಅರೇ ಚಲುವಣ್ಣ, ಇದು ಮೀಟ್ರಾ, ಹಪ್ಪಳಾನಾ? ಎಣ್ಣೆಗೂ ಹಾಕಿದ್ರಾ?"

"ನಗಬ್ಯಾಡ ಕಣ್ಲಾ. ನಾಳಿಕ್ಕೆ ಗೌಡ್ರು ಬತ್ತಾರೆ. ಹೊಸಾದು ಹಾಕ್ಸೋ ಶಕ್ತಿ ನಂಗಿಲ್ಲ."

"ಗುಜರಿ ಗಾಡೀದು ಹಾಕ್ಬೋದು, ಆದ್ರೆ ಆ ಗಾಡಿ ಕಿಲೋಮೀಟ್ರು ತೋರಿಸ್ತದೆ. ಗೌಡ್ರು ಬುಟ್ಟಾರಾ? ಕಿಲೋಮೀಟ್ರು ಲೆಕ್ಕ ಇರೋ ಒಳಗಿನ ಬೋರ್ಡು ನಿಮ್ದೇ ಇಟ್ಕೊಳ್ಳೋಣ, ಮುಖ ಮುಳ್ಳು ಮಾತ್ರ ಅದ್ರದ್ದು ಹಾಕೋಣ. ಕಮ್ಮೀಲಿ ಆಗೋಯ್ತದೆ."

ನನಗೆ ಕುಣಿಯುವಷ್ಟು ಖುಷಿ! ಮತೀನ್ ಬೋರ್ಡನ್ನು ಬ್ರಷ್ಷಿನಲ್ಲಿ ಉಜ್ಜುತ್ತಿದ್ದರೆ ಮಾವ ಉಸಿರು ಬಿಡದೆ ನೋಡುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ದನಿ.

"ಏನ್ಲಾ ಚಲುವ, ಮೀಟ್ರು ತಿರುಗಿಸ್ತಾ ಇದ್ದೀಯಾ?"

ಗೌಡರು! ಗೊಬ್ಬರಕ್ಕೆಂದು ಪೇಟೆಗೆ ಬಂದವರು ರಸ್ತೆಯಲ್ಲಿ ತಮ್ಮ ಗಾಡಿ ಕಂಡು ನಿಂತಿದ್ದರು. ಮಾವ ತಡವರಿಸುತ್ತಾ ಪೂಜೆ, ನೀರು, ಒಲೆ ಎಲ್ಲವನ್ನೂ ಹೇಳಿದರು. ಮತೀನ್ ಮೀಟರನ್ನು ಗಾಡಿಗೆ ಸಿಕ್ಕಿಸಿ ಕೀ ತಿರುಗಿಸಿದರು. ಬೆಳಕು ಬಂತು, ಅಂಕಿಯೂ ಬಂತು. ಗೌಡರು ಫೋನು ತೆಗೆದು, ಕಳೆದ ಭಾನುವಾರದ ಫೋಟೋ ಪಕ್ಕಕ್ಕಿಟ್ಟರು. ಎರಡೂ ಒಂದೇ!

"ನೋಡಿ ಗೌಡ್ರೆ, ಒಂದ್ ಚೂರೂ ಅತ್ತಿತ್ತ ಆಗಿಲ್ಲ," ಎಂದು ಮಾವ ನಕ್ಕೇಬಿಟ್ಟರು.

"ಅದನ್ನೇ ಕೇಳ್ತಿರೋದು. ವಾರವೆಲ್ಲಾ ಮೈಸೂರಿಗೆ ಓಡಾಡಿದ್ದೀಯ. ಅದೆಲ್ಲಾ ಎಲ್ಲೋಯ್ತು?"

ಮಾವನ ನಗು ಆರಿತು. "ಬಿಚ್ಚಿಟ್ಟ ಮೀಟ್ರು ಓಡಲ್ಲ ಗೌಡ್ರೆ," ಎಂದರು ಮತೀನ್.

"ಅದು ನಂಗೂ ಗೊತ್ತು ಸಾಬ್ರೆ. ಮೀಟ್ರು ಇಲ್ದಾಗ ಮೈಸೂರಿಗಷ್ಟೇ ಹೋದ್ನೋ, ಇನ್ನೆಲ್ಲೆಲ್ಲಿ ಬಾಡಿಗೆ ಹೊಡೆದ್ನೋ, ಯಾರು ಕಂಡವ್ರೆ?"

"ಇಲ್ಲ ಅಂಕಲ್, ಮಾವ ಅಂಥವರಲ್ಲ," ಎಂದೆ. ಗೌಡರು ನನ್ನನ್ನು ಬೈಯಲಿಲ್ಲ. "ನಾನೂ ಅಂಗೇ ಅಂದ್ಕೊಂಡಿದ್ದೆ ಕಣವ್ವ. ಮೊದ್ಲೇ ಒಂದ್ ಮಾತು ಹೇಳಿದ್ರೆ ನಾನೇನು ತಿಂದಾಕ್ತಿದ್ನಾ?" ಎಂದರು. ಆಮೇಲೆ ಮಾವನ ಕಡೆ ತಿರುಗಿ, "ಗಾಡಿ ನೀನೇ ಓಡ್ಸು. ಆದ್ರೆ ಇನ್ಮೇಲೆ ಸಂಜೆ ನಮ್ಮನೇಲಿ ನಿಲ್ಸಿ, ಕೀ ಕೊಟ್ಟೋಗು," ಎಂದು ಹೊರಟುಹೋದರು.

ಬೈದಿದ್ದರೂ ಮಾವ ತಡೆದುಕೊಳ್ಳುತ್ತಿದ್ದರು. ಚಿನಕುರಳಿ ದಾಟಿ ಊರಿಗೆ ಮರಳುವಾಗ, ಹೊಸ ಮುಳ್ಳು ಎಷ್ಟು ಚೆನ್ನಾಗಿ ಏರಿಳಿಯುತ್ತಿದೆ ನೋಡಿ ಮಾವ ಎಂದು ನಾನು ಹೇಳಿದರೂ ಅದರ ಕಡೆ ಕಣ್ಣು ಹಾಯಿಸಲಿಲ್ಲ.

ಮರುದಿನ ಬೆಳಿಗ್ಗೆ ಟೊಮೇಟೊ ಕ್ರೇಟುಗಳು ರಸ್ತೆಬದಿಯಲ್ಲಿ ಕಾಯುತ್ತಿದ್ದವು, ಮಾವ ಕೀಗಾಗಿ ಗೌಡರ ಜಗುಲಿ ಕೆಳಗೆ ಕಾಯುತ್ತಿದ್ದರು. ಒಳಗೆ ಇನ್ನೂ ಯಾರೂ ಎದ್ದಿರಲಿಲ್ಲ. ಕೂಗಿದರೆ ಏನೆಂದುಕೊಳ್ಳುತ್ತಾರೋ ಎಂದು ಅವರು ಕೂಗಲೇ ಇಲ್ಲ.