ಜತ್ತಪ್ಪನ ಹೆಸರಿಗೆ ಬಂದ ರಿಜಿಸ್ಟರ್

ಮಂಡೆಕೋಲಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ತಿಮ್ಮಕ್ಕನಿಗೆ ವಕೀಲರಿರಲಿಲ್ಲ. ಓದಿದ್ದು ಏಳನೇ ಕ್ಲಾಸು, ಅಕ್ಷರ ಮಾತ್ರ ಮುತ್ತಿನಂಥದ್ದು. ಸುಳ್ಯದ ಕೋರ್ಟಿಗೆ ದಾವೆಯನ್ನು ತಾನೇ ಬರೆದು ಹಾಕಿದಳು. ಒಂಬತ್ತು ವರ್ಷದ ಹಿಂದೆ ಬಾವಿ ತೋಡುವ ಕೆಲಸಕ್ಕೆಂದು ಜಾಲ್ಸೂರಿನಲ್ಲಿ ಕಾಸರಗೋಡಿನ ಬಸ್ಸು ಹತ್ತಿದ ಗಂಡ ಜತ್ತಪ್ಪ ಮತ್ತೆ ಬರಲಿಲ್ಲ. ಪೊಲೀಸರು ಹುಡುಕಿ ಕೈಚೆಲ್ಲಿದ್ದರು. ಅವನು ಸತ್ತನೆಂದು ಕೋರ್ಟು ಹೇಳಿದರೆ ಮನೆಜಾಗ ಅವಳ ಹೆಸರಿಗಾಗುತ್ತದೆ, ಬಿದ್ದ ಗೋಡೆ ಕಟ್ಟಲು ಪಂಚಾಯತಿನ ನೆರವು ಸಿಗುತ್ತದೆ. ಮಗಳು ಯಶಸ್ವಿ ಟಾರ್ಪಾಲಿನ ಕೆಳಗೆ ಎಸ್ಸೆಸ್ಸೆಲ್ಸಿಗೆ ಓದುತ್ತಿದ್ದಳು.

ಅರ್ಜಿ ಮೂರು ಸಲ ವಾಪಸು ಬಂತು. ಒಮ್ಮೆ ಅಂಚು ಬಿಟ್ಟಿಲ್ಲವೆಂದು, ಒಮ್ಮೆ ಪ್ರತಿ ಪುಟಕ್ಕೂ ಸಹಿಯಿಲ್ಲವೆಂದು. ಮೂರನೆಯ ಸಲ, ‘ಸತ್ತಿದ್ದಾರೆಂದು ನಂಬುತ್ತೇನೆ’ ಎಂಬ ಸಾಲೇ ಇರಲಿಲ್ಲ. ಮರೆತದ್ದಲ್ಲ. ಕೊನೆಗೆ ಅದನ್ನೂ ಬರೆದಳು. ಆ ದಿನ ಶಾಲೆಯ ಸಾಂಬಾರಿಗೆ ಉಪ್ಪು ಬೀಳಲಿಲ್ಲ.

ಆಮೇಲೆ ಗಂಡನ ಕೊನೆಯ ವಿಳಾಸಕ್ಕೆ ನೋಟೀಸು ಹೋಗಬೇಕೆಂದರು. ಲಕೋಟೆಯ ಮೇಲೆ ವಿಳಾಸ ಬರೆದು ಕೊಡುವುದು ದಾವೆ ಹಾಕಿದವರದೇ ಕೆಲಸ. ತನ್ನ ಮನೆಗೇ, ಅವನ ಹೆಸರಿಗೆ, ತನ್ನ ಕೈಯಾರೆ ಬರೆದಳು. ಯಾರೂ ಬೇಕೆಂದು ಕೊಟ್ಟ ಹಿಂಸೆಯಲ್ಲ ಅದು, ಕ್ರಮವೇ ಹಾಗೆ.

ವಾರ ಕಳೆದು ಪೋಸ್ಟಿನ ತೀರ್ಥರಾಮ ಅಂಗಳದಲ್ಲಿ ನಿಂತ.

“ತಿಮ್ಮಕ್ಕ, ಜತ್ತಪ್ಪಣ್ಣನಿಗೆ ಒಂದು ರಿಜಿಸ್ಟರ್ ಉಂಟು. ಎಂತ ಮಾಡುದು? ಇಲ್ಲಿ ವಾಸ ಇಲ್ಲ ಅಂತ ಬರೆದು ವಾಪಸ್ ಕಳಿಸುದಾ?”

ಒಂಬತ್ತು ವರ್ಷದಲ್ಲಿ ಆ ಹೆಸರು ಹಿಡಿದು ಯಾರೂ ಅಂಗಳಕ್ಕೆ ಬಂದಿರಲಿಲ್ಲ.

“ಹಾಗೆ ಬರೀಬೇಡ ಮಾರಾಯ. ಕೊಡು ಇಲ್ಲಿ, ಅವರು ಬಂದಾಗ ಕೊಡ್ತೇನೆ” ಎಂದು, ಕೋರ್ಟಿಗೆ ವಾಪಸು ಹೋಗುವ ಸ್ವೀಕೃತಿ ಕಾರ್ಡಿಗೆ ಸಹಿ ಹಾಕಿದಳು.

ಮುಂದಿನ ತಾರೀಕಿಗೆ ನ್ಯಾಯಾಧೀಶರು ಆ ಕಾರ್ಡು ನೋಡಿ ಕನ್ನಡಕ ತೆಗೆದರು. “ನೋಟೀಸು ಮುಟ್ಟಿದೆ ಅಂತ ನೀವೇ ಸಹಿ ಹಾಕಿದ್ದೀರಲ್ಲಮ್ಮ. ನಿಮ್ಮ ಯಜಮಾನರು ಮನೆಗೆ ಬರ್ತಾರಾ?”

ಬರುತ್ತಾರೆ ಎಂದರೆ ದಾವೆ ಹೋಯಿತು. ಬರುವುದಿಲ್ಲ ಎನ್ನಲು ತಿಮ್ಮಕ್ಕನ ನಾಲಿಗೆ ಏಳಲಿಲ್ಲ. ನ್ಯಾಯಾಧೀಶರೇ ಕರುಣೆಯಿಂದ, ಹೊಸ ಲಕೋಟೆ ಕೊಡಿ ಎಂದು ಇನ್ನೊಂದು ತಾರೀಕು ಕೊಟ್ಟರು.

ಎರಡನೆಯ ಸಲ ತೀರ್ಥರಾಮ ಬಂದಾಗ ಯಶಸ್ವಿ ನೆನೆದ ಪುಸ್ತಕಗಳನ್ನು ಒಲೆಯ ಬಳಿ ಹರಡುತ್ತಿದ್ದಳು. ತಿಮ್ಮಕ್ಕ ಮಗಳನ್ನು ನೋಡಿದಳು.

“ವಾಸ ಇಲ್ಲ ಅಂತ ಬರಿ.”

ಅವನು ಬರೆದ. ಅವಳು ಒಳಗೆ ಹೋಗಿ ಗಂಡನ ಹಳೆಯ ಅಂಗಿ ತೆಗೆದು, ಜೇಬು ಮುಟ್ಟಿ ನೋಡಿದಳು. ಮೊದಲನೆಯ ಲಕೋಟೆ ಒಡೆಯದೆ ಅಲ್ಲೇ ಇತ್ತು. ಅದನ್ನು ಅವಳು ಕೋರ್ಟಿಗೆ ಕೊಟ್ಟಿರಲಿಲ್ಲ. ಅವರು ಬಂದಾಗ ಕೊಡಬೇಕಲ್ಲ.